ತೈಲ ಟ್ಯಾಂಕರ್ ಚಾಲಕನ ಹುದ್ದೆ: ಸಂದರ್ಶನಕ್ಕೆ ಸಿದ್ಧತೆ

ಸಂಸ್ಕರಣಾಗಾರದಿಂದ ಹೊರಟ ಪೆಟ್ರೋಲು ಮತ್ತು ಡೀಸೆಲು ಕೊಳವೆಮಾರ್ಗದ ಮೂಲಕವೋ ರೈಲು ವ್ಯಾಗನ್‌ಗಳ ಮೂಲಕವೋ ತೈಲ ಕಂಪನಿಗಳ ಡಿಪೋಗಳನ್ನು ತಲುಪುತ್ತವೆ. ಡಿಪೋದಿಂದ ಊರೂರಿನ ಪೆಟ್ರೋಲ್ ಬಂಕಿನವರೆಗಿನ ಕೊನೆಯ ಹಾದಿ ರಸ್ತೆಯದು. ಆ ಹಾದಿಯ ಹೊಣೆ ಟ್ಯಾಂಕರ್ ಚಾಲಕನದು. ಸಾಮಾನ್ಯ ದಿನಗಳಲ್ಲಿ ಅವನ ಕೆಲಸ ಯಾರ ಗಮನಕ್ಕೂ ಬರುವುದಿಲ್ಲ. 2024ರ ಜನವರಿ ತಿಂಗಳ ಮೊದಲೆರಡು ದಿನ ಹಲವು ರಾಜ್ಯಗಳಲ್ಲಿ ಲಾರಿ ಮತ್ತು ಟ್ಯಾಂಕರ್ ಚಾಲಕರು ಕೆಲಸ ನಿಲ್ಲಿಸಿದಾಗ ಬಂಕುಗಳ ಮುಂದೆ ವಾಹನಗಳ ಉದ್ದನೆಯ ಸಾಲುಗಳು ಕಂಡುಬಂದವು. ನಗರಗಳ ಓಡಾಟ ಎಷ್ಟು ಮಂದಿ ಚಾಲಕರ ಕೈಯಲ್ಲಿದೆ ಎಂಬುದು ಆಗ ಜನರಿಗೆ ಅರಿವಾಯಿತು.

ಮುಂಬಯಿಯ ಮಾಹುಲ್, ವಡಾಳಾ ಮತ್ತು ಶಿವಡಿ, ಪುಣೆಯ ಬಳಿಯ ಲೋಣಿ, ಸೊಲ್ಲಾಪುರದ ಸಮೀಪದ ಪಾಕಣಿ, ಚೆನ್ನೈಯ ಮಣಲಿ ಮತ್ತು ತೊಂಡಿಯಾರ್‌ಪೇಟೆ, ಹೈದರಾಬಾದಿನ ಚೆರ್ಲಪಲ್ಲಿ, ದೆಹಲಿಯ ಬಿಜವಾಸನ್ ಮತ್ತು ಟಿಕ್ರಿ ಕಲಾನ್ ಮುಂತಾದ ಕಡೆಗಳಲ್ಲಿ ತೈಲ ತುಂಬುವ ಕೇಂದ್ರಗಳಿವೆ. ಲಾರಿ ಓಡಿಸಲೆಂದು ಊರು ಬಿಟ್ಟು ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಟ್ಯಾಂಕರ್ ಚಾಲನೆಯು ನಿಯಮಿತವಾದ, ಗೊತ್ತಾದ ಮಾರ್ಗಗಳ ಕೆಲಸವಾಗಿ ಆಕರ್ಷಕವೆನಿಸುವುದು ಸಹಜ. ಆದರೆ ಹತ್ತು ಹನ್ನೆರಡು ವರ್ಷ ಇಟ್ಟಿಗೆ, ಸಿಮೆಂಟು, ತರಕಾರಿ ಸಾಗಿಸಿ ಕೈ ಪಳಗಿದವರೂ ಈ ಕೆಲಸದ ಸಂದರ್ಶನದಲ್ಲಿ ತಡವರಿಸುವುದುಂಟು. ಚಾಲನೆ ಚೆನ್ನಾಗಿ ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆಯೇ ಇದಕ್ಕೆ ಮುಖ್ಯ ಕಾರಣ. ಟ್ಯಾಂಕರಿನ ಸಂದರ್ಶನದಲ್ಲಿ ಪರಿಶೀಲಿಸುವುದು ಎರಡು ಸಂಗತಿಗಳನ್ನು: ತನ್ನ ಬೆನ್ನ ಹಿಂದಿರುವ ಸರಕಿನ ಗುಣವನ್ನು ಅಭ್ಯರ್ಥಿಯು ಬಲ್ಲನೇ, ಮತ್ತು ನಿಲ್ಲಿಸಬೇಕಾದ ಸಂದರ್ಭದಲ್ಲಿ ಯಾರು ಅವಸರಪಡಿಸಿದರೂ ಕೆಲಸವನ್ನು ನಿಲ್ಲಿಸುತ್ತಾನೆಯೇ.

ಕೆಲಸ ಕೊಡುವವರು ಯಾರು?

ಟ್ಯಾಂಕರಿನ ಮೇಲೆ ಸಾರ್ವಜನಿಕ ವಲಯದ ತೈಲ ಕಂಪನಿಯ ಹೆಸರು ಮತ್ತು ಬಣ್ಣ ಇದ್ದ ಮಾತ್ರಕ್ಕೆ ಅದರ ಚಾಲಕನು ಆ ಕಂಪನಿಯ ನೌಕರನೆಂದು ಭಾವಿಸಬಾರದು. ಬಹುಪಾಲು ಟ್ಯಾಂಕರುಗಳು ಗುತ್ತಿಗೆಯ ಮೇಲೆ ಓಡುವ ಖಾಸಗಿ ಸಾಗಣೆದಾರರವು. ಕೆಲವು ಬಂಕ್ ಮಾಲೀಕರ ಸ್ವಂತದವು. ಚಾಲಕನನ್ನು ನೇಮಿಸುವವರು ಅವರೇ. ನೇಮಕವಾದ ಬಳಿಕ ಡಿಪೋದ ಅಧಿಕಾರಿಗಳು ಅವನ ದಾಖಲೆಗಳನ್ನು ಪರಿಶೀಲಿಸಿ, ಸುರಕ್ಷತಾ ತಿಳಿವಳಿಕೆ ನೀಡಿ ಗೇಟ್ ಪಾಸ್ ಕೊಡುತ್ತಾರೆ. ಗೇಟ್ ಪಾಸ್ ಇಲ್ಲದವನು ಡಿಪೋದೊಳಗೆ ಕಾಲಿಡುವಂತಿಲ್ಲ. ಹೀಗಾಗಿ ಅಭ್ಯರ್ಥಿಯು ಎರಡು ಬಾರಿ ಪರೀಕ್ಷೆಗೆ ಒಳಗಾಗುತ್ತಾನೆ: ಮೊದಲು ಸಾಗಣೆದಾರರ ಕಚೇರಿಯಲ್ಲಿ, ಅನಂತರ ಡಿಪೋದ ಬಾಗಿಲಲ್ಲಿ. ಮೊದಲನೆಯ ಕಡೆ ಹೇಗೋ ಪಾರಾಗಿ ಎರಡನೆಯ ಕಡೆ ಹಿಂದಿರುಗಿದರೆ ಮಾಲೀಕನಿಗೂ ನಷ್ಟ, ಚಾಲಕನಿಗೂ ಕೆಲಸವಿಲ್ಲ.

ಕಂಪನಿಯ ನೌಕರಿ ಕೊಡಿಸುವೆನೆಂದು ಮುಂಗಡ ಹಣ ಕೇಳುವ ದಲ್ಲಾಳಿಗಳ ವಿಷಯದಲ್ಲಿ ಎಚ್ಚರವಿರಬೇಕು. ಖಾಸಗಿ ಸಾಗಣೆದಾರನು ಮಾಡುವ ನೇಮಕಕ್ಕೆ ಕಂಪನಿಯ ಹೆಸರಿನಲ್ಲಿ ಶುಲ್ಕ ತೆರುವ ಪ್ರಶ್ನೆಯೇ ಏಳುವುದಿಲ್ಲ.

ಲೈಸೆನ್ಸ್ ಮತ್ತು ಮೂರು ದಿನದ ತರಬೇತಿ

ಸಂದರ್ಶನಕ್ಕೆ ಕರೆ ಬರುವ ಮೊದಲೇ ಆಗಬೇಕಾದ ಕೆಲಸ ಲೈಸೆನ್ಸಿನದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅಪಾಯಕಾರಿ ಸರಕು ಸಾಗಿಸುವ ವಾಹನಕ್ಕೆ ಇಷ್ಟು ಸಾಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದಂತೆ ಚಾಲಕನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಾಗಿರಬೇಕು. ರಾಜ್ಯ ಸರ್ಕಾರವು ಮಾನ್ಯ ಮಾಡಿದ ಸಂಸ್ಥೆಯಲ್ಲಿ ಮೂರು ದಿನದ ತರಬೇತಿ ಪಡೆದು ಉತ್ತೀರ್ಣನಾದ ಪ್ರಮಾಣಪತ್ರ ಹೊಂದಿರಬೇಕು. ಆ ಬಳಿಕ ಸಾರಿಗೆ ಕಚೇರಿಯು ಅಪಾಯಕಾರಿ ಸರಕಿನ ವಾಹನ ಓಡಿಸುವ ಅನುಮತಿಯನ್ನು ಲೈಸೆನ್ಸಿನಲ್ಲಿ ನಮೂದಿಸುತ್ತದೆ.

ಹೊರರಾಜ್ಯದಲ್ಲಿರುವ ಕನ್ನಡಿಗರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಂಟನೆಯ ಅನುಸೂಚಿಯಲ್ಲಿ ಕನ್ನಡವೂ ಸೇರಿದೆ. ಆದ್ದರಿಂದ ಮರಾಠಿ, ತಮಿಳು ಅಥವಾ ಹಿಂದಿಯನ್ನು ಓದಲು ಬಾರದೆಂಬ ಕಾರಣದಿಂದ ಅರ್ಹತೆ ತಪ್ಪುವುದಿಲ್ಲ. ಕನ್ನಡವನ್ನು ಓದಿ ಬರೆಯಬಲ್ಲವನು ಭಾರತೀಯ ಭಾಷೆಯ ಷರತ್ತನ್ನು ಪೂರೈಸಿದಂತೆಯೇ. ಇಂಗ್ಲಿಷಿನ ಷರತ್ತು ಮಾತ್ರ ಎಲ್ಲರಿಗೂ ಸಮಾನ. ಇನ್‌ವಾಯ್ಸ್, ಟ್ಯಾಂಕರಿನ ಮೇಲಿನ ಫಲಕ, ವಾಲ್ವುಗಳ ಮೇಲಿನ ಗುರುತುಗಳಲ್ಲಿ ಬರುವ ಪದಗಳು ಬಹಳವೇನಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರೊಡನೆ ಕುಳಿತು ಕೆಲವು ಸಂಜೆಗಳಲ್ಲಿ ಇವನ್ನು ಓದುವ ಅಭ್ಯಾಸ ಮಾಡಿಕೊಳ್ಳಬಹುದು.

2019ರ ತಿದ್ದುಪಡಿಯ ಅನಂತರ ಅಪಾಯಕಾರಿ ಸರಕಿನ ಲೈಸೆನ್ಸಿನ ಅವಧಿ ಮೂರು ವರ್ಷ. ಇತರ ಸಾರಿಗೆ ವಾಹನಗಳದು ಐದು ವರ್ಷ. ಎರಡೂ ಒಂದೇ ಎಂದು ತಿಳಿದು ಅವಧಿ ಮುಗಿದ ನಮೂದನ್ನು ಸಂದರ್ಶನಕ್ಕೆ ತರುವುದುಂಟು. ಕಾರ್ಡಿನ ಹಿಂಬದಿಯ ದಿನಾಂಕವನ್ನು ಮನೆಯಲ್ಲಿಯೇ ನೋಡಿಕೊಳ್ಳುವುದು ಲೇಸು. ಮರುತರಬೇತಿಯ ಷರತ್ತುಗಳನ್ನು ನವೀಕರಣಕ್ಕೆ ಮುಂಚಿತವಾಗಿ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಕರ್ನಾಟಕದಲ್ಲಿ ಪಡೆದ ಲೈಸೆನ್ಸ್ ದೇಶದಾದ್ಯಂತ ಮಾನ್ಯವಾದುದು. ಆದರೂ ಈಗ ವಾಸವಿರುವ ವಿಳಾಸವನ್ನು ಅದರಲ್ಲಿ ದಾಖಲಿಸಿಕೊಂಡರೆ ಪೊಲೀಸ್ ಪರಿಶೀಲನೆ ಮತ್ತು ಗೇಟ್ ಪಾಸಿನ ಸಮಯದಲ್ಲಿ ತೊಡಕುಂಟಾಗದು.

ಲೈಸೆನ್ಸ್, ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ಅರ್ಹತಾ ಪತ್ರ, ಪೊಲೀಸ್ ಪರಿಶೀಲನಾ ಪತ್ರ, ಆಧಾರ್, ಹಿಂದಿನ ಮಾಲೀಕರ ಅನುಭವ ಪತ್ರ, ಭಾವಚಿತ್ರಗಳು, ಬ್ಯಾಂಕ್ ಪಾಸ್ ಪುಸ್ತಕ ಇವುಗಳ ಮೂಲಪ್ರತಿ ಮತ್ತು ಎರಡೆರಡು ನಕಲುಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳಬೇಕು. ಹೆಸರಿನ ಅಕ್ಷರಗಳು ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿ ಇರಬೇಕು. ಊರಿನ ಹೆಸರೋ ಮನೆತನದ ಹೆಸರೋ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಕನ್ನಡಿಗರ ದಾಖಲೆಗಳಲ್ಲಿ ಸಾಮಾನ್ಯ. ಇದು ಸಣ್ಣ ವಿಷಯವೆನಿಸಿದರೂ ಪರಿಶೀಲನೆ ನಿಂತುಹೋಗುವುದು ಇಂಥ ಕಡೆಯಲ್ಲಿಯೇ. ಕಣ್ಣಿನ ಪರೀಕ್ಷೆಯನ್ನು ಮುಂಚಿತವಾಗಿ ಮಾಡಿಸಿ, ಕನ್ನಡಕ ಬೇಕಾದರೆ ಧರಿಸಿಯೇ ಹೋಗಬೇಕು. ಕನ್ನಡಕವು ಅನರ್ಹತೆಯಲ್ಲ, ಅದನ್ನು ಜೇಬಿನಲ್ಲಿ ಅಡಗಿಸಿಟ್ಟು ಬೋರ್ಡಿನ ಅಕ್ಷರ ತಪ್ಪಾಗಿ ಓದುವುದು ಅನರ್ಹತೆ.

ಸರಕಿನ ಗುಣ

ಸಂದರ್ಶನದ ಹೆಚ್ಚಿನ ಪ್ರಶ್ನೆಗಳು ಈ ವಿಷಯದ ಸುತ್ತ ಇರುತ್ತವೆ. ಬಾಯಿಪಾಠ ಮಾಡಿದ ಉತ್ತರ ಒಂದು ಮರುಪ್ರಶ್ನೆಗೆ ಕುಸಿಯುತ್ತದೆ. ಕಾರಣ ತಿಳಿದವನು ಪ್ರಶ್ನೆ ಯಾವ ದಿಕ್ಕಿನಿಂದ ಬಂದರೂ ಉತ್ತರಿಸಬಲ್ಲನು.

1934ರ ಪೆಟ್ರೋಲಿಯಂ ಕಾಯಿದೆಯಡಿ ತೈಲಗಳನ್ನು ಅವು ಹೊತ್ತಿಕೊಳ್ಳಬಲ್ಲ ಆವಿಯನ್ನು ಎಷ್ಟು ಉಷ್ಣಾಂಶದಲ್ಲಿ ಹೊರಬಿಡುತ್ತವೆ ಎಂಬುದರ ಮೇಲೆ ವಿಂಗಡಿಸಲಾಗಿದೆ. ಈ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಅದು 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಎ ವರ್ಗ, 23ರಿಂದ 65ರೊಳಗಿದ್ದರೆ ಬಿ ವರ್ಗ, 65ರಿಂದ 93ರೊಳಗಿದ್ದರೆ ಸಿ ವರ್ಗ. ಪೆಟ್ರೋಲು ಎ ವರ್ಗದ್ದು. ಅದರ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 40 ಡಿಗ್ರಿಯಷ್ಟು ಕೆಳಗಿದೆ. ಅಂದರೆ ದೆಹಲಿಯ ಜನವರಿಯ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತಲೇ ಇರುತ್ತದೆ. ಡೀಸೆಲು ಮತ್ತು ಸೀಮೆಎಣ್ಣೆ ಬಿ ವರ್ಗಕ್ಕೆ ಸೇರಿದವು. ಡೀಸೆಲಿನ ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿಗಿಂತ ಕಡಿಮೆಯಿರಬಾರದೆಂದು ಮಾನಕವಿದೆ. ಹಾಗೆಂದು ಡೀಸೆಲಿಗೆ ಭಯವಿಲ್ಲವೆಂದು ಹೇಳುವ ಅಭ್ಯರ್ಥಿಯನ್ನು, ಮೇ ತಿಂಗಳ ಬಿಸಿಲಿನಲ್ಲಿ ಟ್ಯಾಂಕಿನ ತಗಡು ಎಷ್ಟು ಕಾಯುತ್ತದೆ ಎಂದು ಕೇಳಿದರೆ ಉತ್ತರ ಅವನಿಗೇ ಹೊಳೆಯಬೇಕು.

ಉರಿಯುವುದು ದ್ರವವಲ್ಲ, ಅದರ ಮೇಲಿನ ಆವಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರಿ ಚದುರುವ ಬದಲು ಅದು ನೆಲಕ್ಕೆ ಅಂಟಿಕೊಂಡು ಚರಂಡಿ, ಹಳ್ಳ, ನೆಲಮಾಳಿಗೆಗಳತ್ತ ಹರಿಯುತ್ತದೆ. ಟ್ಯಾಂಕರಿನಿಂದ ದೂರದಲ್ಲಿ ಹಚ್ಚಿದ ಬೀಡಿಯ ಕಿಡಿ ಆವಿಯ ಜಾಡು ಹಿಡಿದು ಟ್ಯಾಂಕರಿನ ಬುಡಕ್ಕೆ ಬರಬಲ್ಲುದು. ಗಾಳಿಯಲ್ಲಿ ಈ ಆವಿಯ ಪ್ರಮಾಣ ಸುಮಾರು ಶೇಕಡಾ 1.4ರಿಂದ 7.6ರೊಳಗೆ ಇದ್ದಾಗ ಅದು ಸ್ಫೋಟಕ್ಕೆ ಅನುಕೂಲ. ಇದಕ್ಕಿಂತ ಹೆಚ್ಚಾದರೆ ಉರಿಯಲು ಬೇಕಾದಷ್ಟು ಗಾಳಿ ಇರುವುದಿಲ್ಲ.

ಇಲ್ಲಿಯೇ ಅನುಭವಿಗಳೂ ಎಡವುವ ಪ್ರಶ್ನೆ ಬರುತ್ತದೆ: ತುಂಬಿದ ಟ್ಯಾಂಕರ್ ಹೆಚ್ಚು ಅಪಾಯಕಾರಿಯೋ, ಖಾಲಿಯಾದದ್ದೋ? ತುಂಬಿದ ಟ್ಯಾಂಕಿನಲ್ಲಿ ಆವಿಗೆ ಇರುವ ಜಾಗ ಕಡಿಮೆ. ಪೆಟ್ರೋಲು ಇಳಿಸಿ ಬರಿದಾದ ಟ್ಯಾಂಕಿನ ತುಂಬ ಆವಿ ಮತ್ತು ಗಾಳಿಯ ಮಿಶ್ರಣವಿರುತ್ತದೆ. ಇಂಥ ಟ್ಯಾಂಕಿಗೆ ಸಣ್ಣದೊಂದು ವೆಲ್ಡಿಂಗ್ ಮಾಡಿಸೋಣವೆಂದು ದಾರಿಬದಿಯ ಗ್ಯಾರೇಜಿಗೆ ಒಯ್ಯುವುದು ಪ್ರಾಣಾಪಾಯವನ್ನು ಕರೆದುಕೊಂಡಂತೆ. ಟ್ಯಾಂಕಿನೊಳಗಿನ ಆವಿಯನ್ನು ಪೂರ್ತಿಯಾಗಿ ಹೊರಹಾಕಿ, ತಜ್ಞರಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯುವವರೆಗೆ ಬೆಂಕಿಯ ಯಾವ ಕೆಲಸವನ್ನೂ ಅದರ ಮೇಲೆ ಮಾಡಕೂಡದು. ಟ್ಯಾಂಕಿನೊಳಗೆ ಇಳಿಯುವುದಂತೂ ಬೇಡವೇ ಬೇಡ. ಅಲ್ಲಿ ಉಸಿರಾಡಲು ಗಾಳಿಯೇ ಇರುವುದಿಲ್ಲ.

ಪೆಟ್ರೋಲು ಕೊಳವೆಯಲ್ಲಿ ವೇಗವಾಗಿ ಹರಿಯುವಾಗ ಸ್ಥಿರ ವಿದ್ಯುತ್ ಉಂಟಾಗುತ್ತದೆ. ಚಳಿಗಾಲದಲ್ಲಿ ಉಣ್ಣೆಯ ಬಟ್ಟೆ ಕಳಚುವಾಗ ಚಟಚಟ ಸದ್ದು ಬರುವುದು ಇದರಿಂದಲೇ. ಟ್ಯಾಂಕರ್ ರಬ್ಬರ್ ಚಕ್ರಗಳ ಮೇಲೆ ನಿಂತಿರುವ ಕಾರಣ ಈ ವಿದ್ಯುತ್ ಭೂಮಿಗೆ ಇಳಿಯಲಾರದೆ ಶೇಖರವಾಗಿ, ಯಾವುದೋ ಲೋಹಕ್ಕೆ ಕಿಡಿಯಾಗಿ ಹಾರಬಹುದು. ಆದುದರಿಂದ ಹೋಸ್ ಜೋಡಿಸುವ ಮೊದಲು ಅರ್ಥಿಂಗ್ ತಂತಿಯ ಕ್ಲಿಪ್ಪನ್ನು ಹಾಕಬೇಕು, ಹೋಸ್ ಬಿಚ್ಚಿದ ಬಳಿಕವೇ ಅದನ್ನು ತೆಗೆಯಬೇಕು. ಕ್ಲಿಪ್ಪು ಬಣ್ಣ ಅಥವಾ ತುಕ್ಕಿನ ಮೇಲೆ ಕುಳಿತರೆ ಪ್ರಯೋಜನವಿಲ್ಲ; ಬರಿಯ ಲೋಹವನ್ನು ಅದು ಕಚ್ಚಿರಬೇಕು. ಈ ಕೊನೆಯ ಮಾತನ್ನು ತಾನಾಗಿ ಹೇಳುವ ಅಭ್ಯರ್ಥಿಯು ಕೆಲಸವನ್ನು ಕಣ್ಣಾರೆ ಕಂಡವನೆಂದು ಸಂದರ್ಶಕರಿಗೆ ಮನವರಿಕೆಯಾಗುತ್ತದೆ.

ಉಷ್ಣಾಂಶ ಒಂದು ಡಿಗ್ರಿ ಏರಿದರೆ ಪೆಟ್ರೋಲಿನ ಗಾತ್ರ ಸಾವಿರಕ್ಕೆ ಸುಮಾರು ಒಂದು ಪಾಲಿನಷ್ಟು ಹಿಗ್ಗುತ್ತದೆ. 12,000 ಲೀಟರಿನ ಸರಕು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಕಾದರೆ 120 ಲೀಟರಿನಷ್ಟು ಹೆಚ್ಚು ಜಾಗ ಬೇಡುತ್ತದೆ. ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಸ್ಥಳ ಬಿಡುವುದು ಇದಕ್ಕಾಗಿಯೇ. ಬಂಕಿನಲ್ಲಿ ಡಿಪ್ ರಾಡಿನ ಅಳತೆ ಮತ್ತು ಸಾಂದ್ರತೆಯನ್ನು ಇನ್‌ವಾಯ್ಸಿನೊಡನೆ ಹೋಲಿಸುವಾಗ ಉಷ್ಣಾಂಶವನ್ನೂ ಬರೆದುಕೊಳ್ಳುವುದು, ಸಾಂದ್ರತೆಯನ್ನು 15 ಡಿಗ್ರಿಗೆ ಪರಿವರ್ತಿಸಿ ನೋಡುವುದು ಇದೇ ಕಾರಣದಿಂದ. ಈ ಲೆಕ್ಕ ಗೊತ್ತಿರುವ ಚಾಲಕನನ್ನು ಅಳತೆ ಕಡಿಮೆ ಬಂತೆಂದು ಯಾರೂ ಸುಮ್ಮನೆ ದಬಾಯಿಸಲಾರರು.

ನೀರಿನ ಪರೀಕ್ಷೆಗೆ ಇತ್ತೀಚಿನ ವರ್ಷಗಳಲ್ಲಿ ಮಹತ್ವ ಹೆಚ್ಚಿದೆ. ದೇಶದಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು ಮಾರಾಟವಾಗುತ್ತಿದೆ. ಹಿಂದಿನ ಪೆಟ್ರೋಲಿನಲ್ಲಿ ನೀರು ಸೇರಿದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು. ಎಥನಾಲ್ ಇರುವಾಗ ನೀರು ಅದನ್ನು ತನ್ನತ್ತ ಸೆಳೆದುಕೊಂಡು ಪೆಟ್ರೋಲಿನ ಗುಣವನ್ನೇ ಕೆಡಿಸುತ್ತದೆ. ಮ್ಯಾನ್‌ಹೋಲ್ ಮುಚ್ಚಳದ ರಬ್ಬರ್ ಸವೆದು ಮಳೆನೀರು ಒಳಸೇರಿದ ಟ್ಯಾಂಕರನ್ನು ಮರೆಮಾಚಿ ಓಡಿಸುವವನು ಹತ್ತಾರು ಮಂದಿಯ ವಾಹನಗಳನ್ನು ಹಾಳುಮಾಡುತ್ತಾನೆ.

ಫಲಕದ ಸಂಖ್ಯೆಗಳು

ಟ್ಯಾಂಕರಿನ ಎರಡು ಪಕ್ಕಗಳಲ್ಲಿ ಮತ್ತು ಹಿಂಭಾಗದಲ್ಲಿ ತುರ್ತು ಮಾಹಿತಿ ಫಲಕ ಇರಬೇಕೆಂಬುದು ನಿಯಮ. ಅದರಲ್ಲಿ ಸರಕಿನ ಹೆಸರು, ವಿಶ್ವಸಂಸ್ಥೆಯ ಗುರುತಿನ ಸಂಖ್ಯೆ, ಹ್ಯಾಜ್‌ಕೆಮ್ ಸಂಕೇತ ಮತ್ತು ದೂರವಾಣಿ ಸಂಖ್ಯೆಗಳಿರುತ್ತವೆ. ಡೀಸೆಲಿಗೆ 1202, ಪೆಟ್ರೋಲಿಗೆ 1203, ಸೀಮೆಎಣ್ಣೆಗೆ 1223. ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲಿಗೆ 3475 ಎಂಬ ಪ್ರತ್ಯೇಕ ಸಂಖ್ಯೆಯೂ ಇದೆ. ಹ್ಯಾಜ್‌ಕೆಮ್ ಸಂಕೇತದ ಮೊದಲ ಅಂಕಿ ಬೆಂಕಿ ಆರಿಸಲು ಏನನ್ನು ಬಳಸಬೇಕೆಂದು ಅಗ್ನಿಶಾಮಕ ದಳಕ್ಕೆ ತಿಳಿಸುತ್ತದೆ. 3 ಎಂದರೆ ನೊರೆ. ಕೊನೆಯಲ್ಲಿ ಇ ಅಕ್ಷರವಿದ್ದರೆ ಸುತ್ತಲಿನ ಜನರನ್ನು ತೆರವು ಮಾಡಿಸುವುದನ್ನು ಪರಿಗಣಿಸಬೇಕು ಎಂದರ್ಥ. ಇದೇ ಮಾಹಿತಿಯ ವಿಸ್ತೃತ ರೂಪವಾದ ಟ್ರೆಮ್ ಕಾರ್ಡನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳುವುದು ಚಾಲಕನ ಹೊಣೆ. ಅದರಲ್ಲಿ ಬರೆದಿರುವುದು ತಿಳಿಯದಿದ್ದರೆ ವಿವರಣೆ ಕೇಳುವುದು ಅವನ ಹಕ್ಕು. ಚಾಲಕನಿಗೆ ಸರಿಯಾದ ಸೂಚನೆ ದೊರೆತಿದೆಯೆಂದು ಖಚಿತಪಡಿಸುವ ಕರ್ತವ್ಯವನ್ನು ನಿಯಮಗಳು ಮಾಲೀಕನ ಮೇಲೆಯೇ ಹೊರಿಸಿವೆ.

ವಾಹನದಲ್ಲಿ ಇರಬೇಕಾದ ಇತರ ಕಾಗದಗಳನ್ನೂ ಹೇಳಲು ಬರಬೇಕು: ನೋಂದಣಿ, ಪರವಾನಗಿ, ಅರ್ಹತಾ ಪತ್ರ, ವಿಮೆ, ಹೊಗೆ ತಪಾಸಣೆ, ಅಳತೆ ಇಲಾಖೆಯ ಮುದ್ರೆಯಿರುವ ಕ್ಯಾಲಿಬ್ರೇಷನ್ ಪತ್ರ, ಹಾಗೂ ಪೆಟ್ರೋಲಿಯಂ ಸಾಗಿಸಲು ಸ್ಫೋಟಕಗಳ ಇಲಾಖೆ ನೀಡುವ ಲೈಸೆನ್ಸ್. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಈ ಇಲಾಖೆಯನ್ನು ಈಗ ಪೆಸೊ ಎಂದು ಕರೆಯುತ್ತಾರೆ.

ರಸ್ತೆಯ ಮೇಲೆ

ಚಾಲನಾ ಪರೀಕ್ಷೆಯಲ್ಲಿ ಸಂದರ್ಶಕರು ವೇಗವನ್ನು ನೋಡುವುದಿಲ್ಲ. ಟ್ಯಾಂಕರುಗಳಿಗೆ ಅಳವಡಿಸುವ ವೇಗ ನಿಯಂತ್ರಕದ ಗರಿಷ್ಠ ಮಿತಿಯೇ ಗಂಟೆಗೆ 60 ಕಿಲೋಮೀಟರ್. ವಾಹನ ಹತ್ತುವ ಮುನ್ನ ಅಭ್ಯರ್ಥಿಯು ಏನು ಮಾಡುತ್ತಾನೆ ಎಂಬುದರ ಮೇಲೆಯೇ ಅರ್ಧ ನಿರ್ಣಯವಾಗಿರುತ್ತದೆ. ಸುತ್ತ ಒಂದು ಪ್ರದಕ್ಷಿಣೆ ಬಂದು ಚಕ್ರ, ದೀಪ, ವಾಲ್ವುಗಳ ಸೋರಿಕೆ, ಸೈಲೆನ್ಸರಿನ ಸ್ಪಾರ್ಕ್ ಅರೆಸ್ಟರ್, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಗುರುತಿನಲ್ಲಿದೆಯೇ ಎಂಬುದನ್ನು ನೋಡಿ, ಕ್ಲೀನರನೊಡನೆ ಮಾತಾಡಿ ಆನಂತರ ಸೀಟಿಗೆ ಏರುವವನಿಗೆ ಪ್ರಾಶಸ್ತ್ಯ ಸಿಗುತ್ತದೆ.

ದ್ರವ ಸರಕು ಸುಮ್ಮನೆ ಕೂರುವುದಿಲ್ಲ. ಕೊಡದಲ್ಲಿ ನೀರು ಹೊತ್ತು ನಡೆದವರಿಗೆ ಇದು ಗೊತ್ತು: ತುಂಬಿದ ಕೊಡಕ್ಕಿಂತ ಅರ್ಧ ಕೊಡ ಹೆಚ್ಚು ತುಳುಕುತ್ತದೆ. ತಿರುವಿನಲ್ಲಿ ದ್ರವವು ಒಂದು ಪಕ್ಕಕ್ಕೆ ನುಗ್ಗಿ ವಾಹನವನ್ನು ಅತ್ತ ವಾಲಿಸುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುತ್ತದೆ. ಟ್ಯಾಂಕಿನೊಳಗಿನ ಅಡ್ಡ ತಗಡುಗಳು ಮುಂದುಹಿಂದಿನ ಓಲಾಟವನ್ನು ತಗ್ಗಿಸುತ್ತವೆಯೇ ಹೊರತು ಪಕ್ಕದ ಓಲಾಟವನ್ನಲ್ಲ. ಆದ್ದರಿಂದ ಮೇಲ್ಸೇತುವೆಯ ಇಳಿಜಾರು ಮತ್ತು ವೃತ್ತದ ತಿರುವಿಗೆ ಬರುವ ಮೊದಲೇ ವೇಗ ಇಳಿಸಬೇಕು. ತಿರುವಿನ ನಡುವೆ ಬ್ರೇಕ್ ಒತ್ತಬಾರದು. ಮೊದಲ ಬಂಕಿನಲ್ಲಿ ಒಂದು ಖಾನೆ ಇಳಿಸಿ ಎರಡನೆಯ ಬಂಕಿಗೆ ಹೊರಡುವಾಗ ವಾಹನದ ನಡೆ ಬದಲಾಗಿರುತ್ತದೆಂಬುದನ್ನು ನೆನಪಿಡಬೇಕು.

ನಿದ್ರೆಯ ವಿಷಯವನ್ನು ಸಂದರ್ಶಕರು ಓರೆಯಾಗಿ ಕೇಳುತ್ತಾರೆ: “ರಾತ್ರಿ ಎಷ್ಟು ಹೊತ್ತು ಓಡಿಸಬಲ್ಲಿರಿ?” ಇಡೀ ರಾತ್ರಿ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಮಾರ್ಕೆಟ್ಟಿಗೆ ತರಕಾರಿ ತಲುಪಿಸುವ ಕೆಲಸದಲ್ಲಿ ಅದು ಮೆಚ್ಚುಗೆಯ ಉತ್ತರವಾಗಿದ್ದೀತು. ಇಲ್ಲಿ ಅದು ದೋಷ. ಕಣ್ಣು ಎಳೆದರೆ ಜನವಸತಿಯಿಂದ ದೂರವಾದ, ಅನುಮತಿಯಿರುವ ಸ್ಥಳದಲ್ಲಿ ನಿಲ್ಲಿಸಿ, ಕಚೇರಿಗೆ ತಿಳಿಸಿ, ವಾಹನವನ್ನು ಕಾವಲಿಲ್ಲದೆ ಬಿಡದೆ ವಿಶ್ರಾಂತಿ ಪಡೆಯುವೆನೆಂಬುದು ಸರಿಯಾದ ಉತ್ತರ.

ಬಂಕಿನಲ್ಲಿ ಇಳಿಸುವಾಗ

ಬಂಕಿಗೆ ಬಂದ ಟ್ಯಾಂಕರನ್ನು ಹೊರಬಾಗಿಲಿಗೆ ಮುಖ ಮಾಡಿ ನಿಲ್ಲಿಸಬೇಕು. ಬೆಂಕಿ ಬಿದ್ದರೆ ಹಿಂದೆ ಮುಂದೆ ತಿರುಗಿಸುತ್ತ ಕೂರುವ ಸಮಯವಿರುವುದಿಲ್ಲ. ಎಂಜಿನ್ ಮತ್ತು ಮುಖ್ಯ ಸ್ವಿಚ್ ಆರಿಸಿ, ಚಕ್ರಕ್ಕೆ ಅಡೆ ಕೊಟ್ಟು, ಅರ್ಥಿಂಗ್ ಜೋಡಿಸಿ, ಸಿಲಿಂಡರನ್ನು ಕೈಗೆಟಕುವಂತೆ ಇಡಬೇಕು. ಆನಂತರ ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಜಾಗವಿದೆಯೆಂದು ಬಂಕಿನವರೊಡನೆ ಅಳೆದು ನೋಡಬೇಕು. ಜಾಗ ಸಾಲದಿದ್ದರೆ ಇಳಿಸಕೂಡದು. “ಸ್ವಲ್ಪ ಹೊತ್ತಿನಲ್ಲಿ ಮಾರಾಟವಾಗುತ್ತದೆ, ಶುರು ಮಾಡಪ್ಪಾ” ಎಂದು ಒತ್ತಾಯ ಬಂದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಸಂದರ್ಶನದಲ್ಲಿ ಸಿದ್ಧವಾಗಿರಬೇಕು. ಯಾವ ಖಾನೆಯ ಸರಕು ಯಾವ ಟ್ಯಾಂಕಿಗೆ ಎಂಬುದನ್ನು ಬಾಯಿಮಾತಿನಿಂದಲ್ಲದೆ ಗುರುತು ನೋಡಿ ಖಚಿತಪಡಿಸಿಕೊಳ್ಳಬೇಕು. ಇಳಿಸುವುದು ಮುಗಿಯುವವರೆಗೆ ಚಾಲಕನು ವಾಲ್ವಿನ ಬಳಿಯಿಂದ ಕದಲಬಾರದು. ಚಹಾ ಕುಡಿಯಲು ಹೋಗುವ ಸಮಯ ಅದಲ್ಲ.

ಅಪಘಾತವಾದರೆ

2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರಿನ ಬಳಿಯ ಚಾಲಾ ಎಂಬಲ್ಲಿ ಮಂಗಳೂರಿನಿಂದ ಹೊರಟಿದ್ದ ಅಡುಗೆ ಅನಿಲದ ಟ್ಯಾಂಕರೊಂದು ರಸ್ತೆ ವಿಭಜಕಕ್ಕೆ ತಗುಲಿ ಉರುಳಿತು. ಸೋರಿದ ಅನಿಲ ಸುತ್ತಲಿನ ಮನೆಗಳವರೆಗೆ ಹಬ್ಬಿ ಹೊತ್ತಿಕೊಂಡಿತು. 20 ಮಂದಿ ಪ್ರಾಣ ಕಳೆದುಕೊಂಡರು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್‌ಪುರ ಜಿಲ್ಲೆಯಲ್ಲಿ ಪೆಟ್ರೋಲಿನ ಟ್ಯಾಂಕರ್ ಉರುಳಿದಾಗ ಸುತ್ತಲಿನ ಹಳ್ಳಿಯವರು ಕೊಡ, ಡಬ್ಬಗಳನ್ನು ಹಿಡಿದು ಸೋರಿದ ತೈಲ ತುಂಬಿಕೊಳ್ಳಲು ನೆರೆದರು. ಅನಂತರ ಎದ್ದ ಬೆಂಕಿಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುತೇಕರು ಟ್ಯಾಂಕರಿಗೆ ಸಂಬಂಧವೇ ಇಲ್ಲದವರು.

ತುರ್ತು ಸ್ಥಿತಿಯ ಪ್ರಶ್ನೆಗೆ ಉತ್ತರಿಸುವಾಗ ಈ ಎರಡು ಘಟನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಚೆಲ್ಲಿದ ತೈಲವನ್ನು ಉಳಿಸುವುದು ಚಾಲಕನ ಮೊದಲ ಕೆಲಸವಲ್ಲ, ಜನರನ್ನು ದೂರವಿಡುವುದು ಮೊದಲ ಕೆಲಸ. ಎಂಜಿನ್ ಮತ್ತು ಮುಖ್ಯ ಸ್ವಿಚ್ ಆರಿಸಿ, ತುರ್ತು ವಾಲ್ವು ಮುಚ್ಚಿ, ಟ್ರೆಮ್ ಕಾರ್ಡ್ ಕೈಯಲ್ಲಿ ಹಿಡಿದು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಸರಿಯಬೇಕು. ಎರಡೂ ಕಡೆಯ ವಾಹನಗಳನ್ನು ದೂರದಲ್ಲಿಯೇ ತಡೆಯಬೇಕು. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ ಸ್ಥಳ, ಸರಕಿನ ಹೆಸರು, ಗುರುತಿನ ಸಂಖ್ಯೆ, ಸೋರಿಕೆ ಇದೆಯೇ ಎಂಬುದನ್ನು ಹೇಳಬೇಕು. ಈ ಕರೆಯನ್ನೂ ಆವಿಯಿಂದ ದೂರ ನಿಂತು ಮಾಡಬೇಕು. ಆಮೇಲೆ ಮಾಲೀಕ ಮತ್ತು ಡಿಪೋಗೆ ತಿಳಿಸಬೇಕು. ಹತ್ತಿರದ ಪೊಲೀಸ್ ಠಾಣೆಗೆ ವರದಿ ಮಾಡುವುದು ನಿಯಮಗಳ ಪ್ರಕಾರ ಕಡ್ಡಾಯ. ಗಾಯಾಳುಗಳಿಗೆ ಚಿಕಿತ್ಸೆ ದೊರಕಿಸುವುದೂ ಚಾಲಕನ ಕರ್ತವ್ಯವೇ. ಸಾಧ್ಯವಾದರೆ ಮಣ್ಣು ಅಥವಾ ಮರಳಿನಿಂದ ಚರಂಡಿಯ ಬಾಯಿ ಕಟ್ಟಬೇಕು. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಪೆಟ್ರೋಲು ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ. ಸಣ್ಣ ಬೆಂಕಿಗೆ ಒಣ ಪುಡಿಯ ಸಿಲಿಂಡರ್ ಬಳಸಬೇಕು: ಗಾಳಿಗೆ ಬೆನ್ನು ಮಾಡಿ, ಪಿನ್ ಎಳೆದು, ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಬೀಸಬೇಕು. ಕೆಲವು ಕಡೆ ಇದನ್ನು ಮಾಡಿ ತೋರಿಸಲು ಹೇಳುತ್ತಾರೆ. ಬೆಂಕಿ ದೊಡ್ಡದಾದರೆ ಅಲ್ಲಿ ನಿಲ್ಲುವುದು ಧೈರ್ಯವೆನಿಸದು.

ನಂಬಿಕೆಯ ಪ್ರಶ್ನೆಗಳು

ಒಂದು ಟ್ಯಾಂಕರಿನ ಸರಕಿನ ಬೆಲೆ ಹತ್ತಾರು ಲಕ್ಷ ರೂಪಾಯಿ. ದಾರಿಯಲ್ಲಿ ನಿಲ್ಲಿಸಿ ಒಂದಿಷ್ಟು ತೆಗೆದು ಬೇರೇನನ್ನೋ ಬೆರೆಸುವ ಜಾಲಗಳು ಇವೆಯೆಂಬುದು ಗುಟ್ಟಲ್ಲ. ಟ್ಯಾಂಕರುಗಳಿಗೆ ಬೀಗದ ವ್ಯವಸ್ಥೆ ಮತ್ತು ಉಪಗ್ರಹ ಆಧಾರಿತ ನಿಗಾ ಬಂದಿರುವುದು ಇದಕ್ಕಾಗಿಯೇ. ಸಿಕ್ಕಿಬಿದ್ದ ಚಾಲಕನ ಹೆಸರನ್ನು ತೈಲ ಕಂಪನಿಗಳು ಕಪ್ಪುಪಟ್ಟಿಗೆ ಸೇರಿಸುತ್ತವೆ. 1955ರ ಅಗತ್ಯ ವಸ್ತುಗಳ ಕಾಯಿದೆಯಡಿ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಲಾಭ ಬೇರೆಯವರದು, ಜೈಲು ಚಾಲಕನದು. “ನಾನು ಅಂಥವನಲ್ಲ” ಎಂಬ ಉತ್ತರ ಯಾರಿಗೂ ಪ್ರಯೋಜನಕ್ಕೆ ಬಾರದು. ಸೀಲು ಮುರಿದಿದ್ದರೆ, ನಿಗಾ ಉಪಕರಣ ಕೆಟ್ಟರೆ, ಮಾರ್ಗ ಬಂದ್ ಆಗಿ ಬದಲಿಸಬೇಕಾದರೆ ಯಾರಿಗೆ, ಎಷ್ಟು ಬೇಗ ತಿಳಿಸುವಿರಿ ಎಂಬುದನ್ನು ಹೇಳಬೇಕು.

ಹಿಂದೆ ಅಪಘಾತವಾಗಿದ್ದರೆ ಅದನ್ನು ಮುಚ್ಚಿಡುವ ಆಸೆ ಸಹಜ. ಚಲನ್ ಮತ್ತು ಪ್ರಕರಣಗಳ ದಾಖಲೆ ಗಣಕದಲ್ಲಿ ಸಿಗುವ ಈ ಕಾಲದಲ್ಲಿ ಅದು ಬಹುಕಾಲ ಮುಚ್ಚಿರುವುದಿಲ್ಲ. “ಒಮ್ಮೆ ಹಿಂದಿನಿಂದ ಹೋಗಿ ಗುದ್ದಿದೆ; ಮುಂದಿನ ವಾಹನಕ್ಕೂ ನನಗೂ ಅಂತರ ಸಾಲದಾಗಿತ್ತು; ಆಮೇಲೆ ಮಳೆಯಲ್ಲಿ ಎರಡರಷ್ಟು ಅಂತರ ಬಿಡುತ್ತೇನೆ” ಎಂದು ನೇರವಾಗಿ ಹೇಳುವ ಚಾಲಕನನ್ನು ತಿಳಿವಳಿಕೆಯುಳ್ಳ ಮಾಲೀಕನು ಕೈಬಿಡಲಾರನು.

ಭಾಷೆಯ ಅಳುಕು ಇರುವವರು ಸ್ಥಳೀಯ ಭಾಷೆಯಲ್ಲಿ ಸಾವಕಾಶವಾಗಿ ಮಾತಾಡಬಹುದು. ವ್ಯಾಕರಣದ ತಪ್ಪನ್ನು ಇಲ್ಲಿ ಯಾರೂ ಎಣಿಸುವುದಿಲ್ಲ. ಪ್ರಶ್ನೆ ತಿಳಿಯದಿದ್ದಾಗ ತಲೆಯಾಡಿಸದೆ ಇನ್ನೊಮ್ಮೆ ಹೇಳಬೇಕೆಂದು ಕೇಳುವುದು ಒಳ್ಳೆಯ ಲಕ್ಷಣ. ಡಿಪೋದಲ್ಲಿ ಸೂಚನೆ ಅರ್ಥವಾಗದೆ ಹೌದೆನ್ನುವವನೇ ಅಪಾಯಕಾರಿ.

ಅಭ್ಯರ್ಥಿ ಕೇಳಬೇಕಾದ್ದು

ಸಂದರ್ಶನದ ಕೊನೆಯಲ್ಲಿ ಏನಾದರೂ ಕೇಳುವುದಿದೆಯೇ ಎಂದಾಗ ಸಂಕೋಚಪಡಬೇಕಾಗಿಲ್ಲ. ಸಂಬಳ ತಿಂಗಳಿಗೋ ಟ್ರಿಪ್ಪಿಗೋ? ಟ್ರಿಪ್ಪಿನ ಲೆಕ್ಕವಾದರೆ ಡಿಪೋದಲ್ಲಿ ಕಾಯುವ ಹೊತ್ತಿಗೆ ಏನು ಕೊಡುತ್ತಾರೆ? ಭವಿಷ್ಯನಿಧಿ ಮತ್ತು ಕಾರ್ಮಿಕ ವಿಮೆ ಇವೆಯೇ? ಕ್ಲೀನರ್ ಜೊತೆಗಿರುತ್ತಾನೆಯೇ? ಬೂಟು, ಹೆಲ್ಮೆಟ್, ಕೈಗವಸು ಯಾರು ಕೊಡುತ್ತಾರೆ? ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂಬುದು ಕಾರ್ಮಿಕ ಕಾನೂನಿನ ಬಹುಕಾಲದ ಮಾನದಂಡ. ಅದನ್ನು ಮೀರಿದರೆ ಏನು ವ್ಯವಸ್ಥೆ? ಟ್ರಿಪ್ಪಿನ ಲೆಕ್ಕದಲ್ಲಿ ಮಾತ್ರ ದುಡಿಸುವ ಕಡೆ ಚಾಲಕನು ನಿದ್ರೆ ಬಿಟ್ಟು ಓಡುವಂತಾಗುತ್ತದೆ. ಈ ಲೆಕ್ಕವನ್ನು ಸೇರುವ ಮುನ್ನವೇ ತಿಳಿದುಕೊಳ್ಳುವುದು ಸುರಕ್ಷತೆಯ ವಿಚಾರವೂ ಹೌದು.

ಆಯ್ಕೆಯಾದವರು ನೇಮಕದ ಪತ್ರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಲೈಸೆನ್ಸಿನ ಮೂಲಪ್ರತಿಯನ್ನು ಪರಿಶೀಲನೆಗೆ ತೋರಿಸಿ ಹಿಂದಕ್ಕೆ ಪಡೆಯಬೇಕು. ಅದನ್ನು ಕಚೇರಿಯಲ್ಲಿ ಒತ್ತೆಯಂತೆ ಇಟ್ಟುಕೊಳ್ಳಲು ಬಿಡಬಾರದು. ಗೇಟ್ ಪಾಸ್ ಕೈಗೆ ಬರಲು ಕೆಲವು ದಿನಗಳು ಹಿಡಿಯುತ್ತವೆ. ಆ ದಿನಗಳಲ್ಲಿ ಅನುಭವಿ ಚಾಲಕನೊಬ್ಬನ ಜೊತೆ ಕುಳಿತು ತನಗೆ ಗೊತ್ತುಮಾಡಿದ ಮಾರ್ಗದಲ್ಲಿ ಒಂದೆರಡು ಬಾರಿ ಹೋಗಿಬಂದು, ತಗ್ಗು ಸೇತುವೆಗಳು, ಶಾಲೆಗಳು, ಸಂತೆಯ ದಿನಗಳು, ನಗರ ಪ್ರವೇಶ ನಿಷಿದ್ಧವಾದ ವೇಳೆ, ದಾರಿಯಲ್ಲಿರುವ ಅಗ್ನಿಶಾಮಕ ಠಾಣೆಗಳು ಇವುಗಳನ್ನು ಚಿಕ್ಕ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳಬಹುದು.